ನೂರ್ ಮ್ಯಾನ್ಷನ್ನಿನ ಮಹಡಿ ವರಾಂಡ

ಜೂನ್ 11

ಕೊನೆಗೂ ಇವತ್ತು ನೂರ್ ಮ್ಯಾನ್ಷನ್ನಿನ ಒಳಗೆ ಕಾಲಿಟ್ಟೆ. ಕಾಲೇಜಿನ ದಿನಗಳಿಂದ ರಸೆಲ್ ಮಾರುಕಟ್ಟೆಗೆ ಹೋಗುವಾಗೆಲ್ಲ ರಸ್ತೆಯ ಆಚೆ ಬದಿಯಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದ ಕಟ್ಟಡ. ಈಗ ಅದರ ಬಲಾಬಲ ಪರೀಕ್ಷಿಸಿ ವರದಿ ಕೊಡುವ ಕೆಲಸ ನನ್ನದೇ. ಸ್ವಂತ ಕಚೇರಿ ತೆರೆದ ಮೇಲೆ ಸಿಕ್ಕಿದ ಮೊದಲ ಹಳೆಯ ಕಟ್ಟಡ ಇದು.

ಎಷ್ಟು ಚೆಂದದ ಮುಖ. ನೆತ್ತಿಯ ತ್ರಿಕೋನದಲ್ಲಿ ಗಾರೆಯಲ್ಲಿ ಮೂಡಿಸಿದ 1913, ಅದರ ಸುತ್ತ ದ್ರಾಕ್ಷಿ ಬಳ್ಳಿ. ಕೆಳಗೆ ಸಾಲು ಅಂಗಡಿ. ಅವುಗಳ ಮುಂದೆ ಕಾಲುದಾರಿಯುದ್ದಕ್ಕೂ ಎರಕದ ಕಬ್ಬಿಣದ ತೆಳ್ಳನೆಯ ಕಂಬಗಳು. ಆ ಕಂಬಗಳ ಮೇಲೆ ಮಹಡಿಯ ಮರದ ವರಾಂಡ, ಮೂಲೆಯಿಂದ ಮೂಲೆಗೆ. ಮಳೆ ಬಂದರೆ ದಾರಿಹೋಕರೆಲ್ಲ ಅದರಡಿ ನಿಲ್ಲುತ್ತಾರೆ. ಕಟ್ಟಿಸಿದವನು ತೊಗಲಿನ ವ್ಯಾಪಾರಿಯಂತೆ. ಈಗಿನ ಮಾಲೀಕ ಮೊಹ್ಸಿನ್‌ನ ಮುತ್ತಜ್ಜ. ಬಿಸಿಲು ಮಳೆಯಲ್ಲಿ ನಡೆಯುವವರಿಗೆಂದು ತನ್ನ ಜಾಗವನ್ನು ಇಷ್ಟು ಅಗಲಕ್ಕೆ ಬಿಟ್ಟುಕೊಟ್ಟ ವ್ಯಾಪಾರಿ ಈಗ ಎಲ್ಲಿ ಸಿಗುತ್ತಾನೆ?

ಹಾಳು ಮಾಡಿದವರು ಬಾಡಿಗೆದಾರರು. ಕಮಾನುಗಳಿಗೆ ಪ್ಲಾಸ್ಟಿಕ್ ಬೋರ್ಡು ಹೊಡೆದಿದ್ದಾರೆ, ಕಂಬಗಳಿಗೆ ಹಸಿರು ಎನಾಮೆಲ್ ಬಳಿದಿದ್ದಾರೆ. ಒಂದು ಅಂಗಡಿಯವನಂತೂ ವರಾಂಡದ ತೊಲೆಗಳು ಕಾಣದಂತೆ ಕೆಳಗಿನಿಂದ ಪೂರ್ತಿ ಸುಳ್ಳುಛಾವಣಿ ಹೊದಿಸಿಬಿಟ್ಟಿದ್ದಾನೆ. ನೋಡಿ ಹೊಟ್ಟೆಯುರಿಯಿತು.

ಜೂನ್ 14

ಮಹಡಿ ಅಳೆಯುವ ಕೆಲಸ ಮುಗಿಯಲಿಲ್ಲ. ಮಹಡಿಯ ಕೋಣೆಗಳಿಗೆಲ್ಲ ಈ ವರಾಂಡವೇ ದಾರಿ. ಹೆಂಗಸರ ಒಂದು ಗುಂಪು ಅಲ್ಲಿ ಚಾಪೆ ಹಾಸಿಕೊಂಡು ದುಪಟ್ಟಾಗಳಿಗೆ ಜರಿ, ಹರಳು ಕೂರಿಸುತ್ತ ಕೂತಿರುತ್ತದೆ. ಟೇಪು ಹಿಡಿದು ಹೋದರೆ ಯಾರೂ ಏಳುವುದಿಲ್ಲ. “ಒಂದ್ನಿಮಿಷ ಜರುಗ್ತೀರಾ?” ಎಂದರೆ ಮಂಡಿ ಮಾತ್ರ ಮಡಿಸುತ್ತಾರೆ. ಮಧ್ಯೆ ಕೂತ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಳತೆ ತಗೊಂಡು ಏನ್ ಹೊಲಿತೀಯಮ್ಮ?” ಎಂದಳು. ಎಲ್ಲರೂ ನಕ್ಕರು.

ವರಾಂಡ ಉತ್ತರಕ್ಕೆ ಮುಖಮಾಡಿದೆ. ದಿನವಿಡೀ ನೆರಳಿಲ್ಲದ ಹದವಾದ ಬೆಳಕು. ಹೊರ ಅಂಚಿನ ಕೆತ್ತನೆಯ ಕಟಾಂಜನಕ್ಕೆ ಆ ಬೆಳಕು ಬಿದ್ದಾಗ ತೆಗೆದ ಫೋಟೋಗಳು ಚೆನ್ನಾಗಿ ಬಂದಿವೆ. ಚಾಪೆ, ಚಪ್ಪಲಿ, ಬಕೆಟ್ಟು ಕಾಣದ ಹಾಗೆ ಅಂಚು ಕತ್ತರಿಸಬೇಕು.

ಜೂನ್ 28

ಮೇಷ್ಟ್ರು ಬಂದಿದ್ದರು. ಯಜ್ಞನಾರಾಯಣ ಮೇಷ್ಟ್ರು ಹಳೆಯ ಕಟ್ಟಡವನ್ನು ನೋಡಲು ನನಗೆ ಕಲಿಸಿದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಒಂದು ಒಳ್ಳೆಯ ಕಮಾನಿನ ಕೆಳಗೆ ನಿಂತರೆ ಅವರ ಬೆನ್ನು ನೆಟ್ಟಗಾಗುತ್ತದೆ. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ನೂರ್ ಮ್ಯಾನ್ಷನ್ ಸೇರಲಿ ಎಂದು ಸಮಿತಿಯ ಮುಂದೆ ಅರ್ಜಿ ಹಾಕಿಸಿದವರೂ ಅವರೇ. ಸೆಪ್ಟೆಂಬರ್ ಹನ್ನೆರಡಕ್ಕೆ ವಿಚಾರಣೆ. ಪಟ್ಟಿಗೆ ಸೇರಿಬಿಟ್ಟರೆ ಮೊಹ್ಸಿನ್ ಕೆಡವುವಂತಿಲ್ಲ.

“ದಂಡಿನ ಪ್ರದೇಶದಲ್ಲಿ ಮರದ ವರಾಂಡ ಇರೋ ಅಂಗಡಿ ಸಾಲು ಇನ್ನೆಲ್ಲಿದೆ ಹೇಳು ಶರ್ವಾಣಿ? ಇದು ಹೋದ್ರೆ ಮುಗೀತು,” ಎಂದರು. ನನ್ನ ನಕ್ಷೆಗಳನ್ನು ನೋಡಿ, “ಇಷ್ಟು ಶ್ರದ್ಧೆ ಯಾರಿಗಿದೆ ಈಗ?” ಎಂದೂ ಹೇಳಿದರು. ರಾಮಮೂರ್ತಿ ನಗರದ ಮನೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ.

ಜುಲೈ 9

ಸುಳ್ಳುಛಾವಣಿ ತೆಗೆಯಲು ಅಂಗಡಿಯವರು ಒಪ್ಪುತ್ತಿಲ್ಲ. ಅದು ಬ್ಯಾಂಡ್ ವಾದ್ಯಗಳ ಅಂಗಡಿ, ಮಾಲೀಕರು ಅಕ್ತರ್. ಡ್ರಮ್ಮು, ತುತ್ತೂರಿಗಳನ್ನು ಮಾರುತ್ತಾರೆ, ಜಜ್ಜಿದ್ದನ್ನು ಸರಿಮಾಡುತ್ತಾರೆ. ಬಾಡಿಗೆದಾರರ ಪರವಾಗಿ ಮಾತಾಡುವವರೂ ಅವರೇ.

“ಮೊಹ್ಸಿನ್ ಭಾಯಿ ಕಳ್ಸಿರೋರು ನೀವು. ನೀವು ಏನ್ ಬರೀತೀರಿ ಅಂತ ನಮಗೆ ಗೊತ್ತಿಲ್ವಾ?”

“ಇದ್ದದ್ದನ್ನ ಬರೀತೀನಿ. ನನಗೂ ಈ ಕಟ್ಟಡ ಉಳೀಬೇಕು ಅಂತಲೇ ಆಸೆ,” ಎಂದೆ.

“ಆಸೆ ಎಲ್ರಿಗೂ ಇರ್ತದೆ ಮೇಡಂ,” ಎಂದು ತುತ್ತೂರಿ ಒರೆಸುವುದರಲ್ಲಿ ಮುಳುಗಿದರು.

ಸಂಜೆ ಮೊಹ್ಸಿನ್ ಫೋನ್ ಮಾಡಿದ್ದ. ಫ್ರೇಜರ್ ಟೌನಿನಲ್ಲಿ ಮನೆ. ಇಡೀ ಮಾತಿನಲ್ಲಿ ನೂರ್ ಮ್ಯಾನ್ಷನ್ನನ್ನು ‘ಅದು’ ಎಂದೇ ಕರೆಯುತ್ತಾನೆ. “ಪೂರಾ ಡೇಂಜರ್ ಅಂತ ಬರೀರಿ ಮೇಡಂ, ಮುಗೀಲಿ. ನಾಳೆ ಅದು ಯಾರ ತಲೆ ಮೇಲಾದ್ರೂ ಬಿದ್ರೆ ಕೇಸು ಯಾರ ಮೇಲೆ? ನನಗೆ ನಿದ್ದೆ ಇಲ್ಲ.” ನಾಟಕ ಎಂದುಕೊಂಡೆ.

ವಿಕ್ರಮ್ ಊಟಕ್ಕೆ ಕೂತಾಗ ಕೇಳಿದ: “ಮೇಲೆ ಕೂರ್ತಾರಲ್ಲ ಆ ಹೆಂಗಸರು, ಅವರಲ್ಲಿ ಒಬ್ರ ಹೆಸರಾದ್ರೂ ಗೊತ್ತಾ ನಿನಗೆ?” ನನ್ನ ಗಂಡ ವಿಮಾ ಕಚೇರಿಯಲ್ಲಿ ಕೂತು ದಿನವಿಡೀ ಜನರ ಹೆಸರು ಕೇಳಿ ಕೇಳಿ ಹೀಗಾಗಿದ್ದಾನೆ. ತೊಲೆಗೆ ಬೀಳುವ ಭಾರ ಲೆಕ್ಕ ಹಾಕಲು ಹೆಸರು ಬೇಕಾಗುವುದಿಲ್ಲ ಎಂದೆ.

ಜುಲೈ 25

ಅಕ್ತರ್ ಸುಳ್ಳುಛಾವಣಿಯ ಒಂದು ಹಲಗೆ ಬಿಚ್ಚಲು ಒಪ್ಪಿದರು. ಏಣಿ ಹತ್ತಿ, ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ.

ಹಿಡಿಯವರೆಗೂ ಒಳಗೆ ಹೋಯಿತು.

ಜುಲೈ 26

ನಿನ್ನೆಯ ಆ ಒಂದು ಕ್ಷಣ ಕೈಯಿಂದ ಹೋಗುತ್ತಿಲ್ಲ. ಸಾಗುವಾನಿಗೆ ಕಬ್ಬಿಣ ತಾಗಿದರೆ ಕೈಗೆ ಒಂದು ಬಿಗಿ ಬರಬೇಕು. ಇದು ನೆನೆದ ಬ್ರೆಡ್ಡಿನಂತಿತ್ತು. ಅಕ್ತರ್ ಕೆಳಗಿನಿಂದ “ಏನು ಮೇಡಂ?” ಎಂದಾಗ, “ಇನ್ನೂ ನೋಡ್ಬೇಕು,” ಎಂದಷ್ಟೇ ಹೇಳಿ ಇಳಿದೆ.

ಒಂದೇ ತೊಲೆ ಇರಬಹುದು. ಒಂದನ್ನು ಬದಲಿಸುವುದು ಕಷ್ಟವಲ್ಲ.

ಆಗಸ್ಟ್ 8

ಒಂದೇ ಅಲ್ಲ. ಅರ್ಧಕ್ಕಿಂತ ಹೆಚ್ಚು. ಕಂಬದ ಕಡೆಯ ತುದಿ, ನಡು ಭಾಗ ಎಲ್ಲ ಗಟ್ಟಿಯಾಗಿದೆ, ಬಡಿದರೆ ಠಣ್ ಎನ್ನುತ್ತದೆ. ಗೋಡೆಯೊಳಗಿನ ತುದಿಗಳೇ ಸತ್ತಿವೆ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಕೆಳಗಿನ ಅಂಗಡಿಗಳ ಗೋಡೆ, ಕಮಾನು, ಕಂಬ ಯಾವುದಕ್ಕೂ ಏನೂ ಆಗಿಲ್ಲ, ಇನ್ನೊಂದು ತಲೆಮಾರು ನಿಲ್ಲುತ್ತವೆ. ಕೆಟ್ಟಿರುವುದು ವರಾಂಡ ಒಂದೇ.

ನೀರು ಎಲ್ಲಿಂದ ಎಂದು ಹುಡುಕಿದೆ. ವರಾಂಡದ ಕೊನೆಯಲ್ಲಿ ಹೆಂಗಸರು ಕೈಕಾಲು ತೊಳೆಯುವ, ನಮಾಜಿಗೆ ಮುಂಚೆ ವಜೂ ಮಾಡುವ ಸಣ್ಣ ಮೋರಿ ಇದೆ. ಅದರ ನೀರು ಯಾವ ಕಾಲದಿಂದಲೋ ಗೋಡೆಗುಂಟ ಇಳಿಯುತ್ತಿದೆ.

ಇವತ್ತು ಅಲ್ಲೇ ನಿಂತಿದ್ದಾಗ ಆ ಮುದುಕಿ ಚೆಂಬಿನಲ್ಲಿ ನೀರು ಹಿಡಿದು ಬಂದರು. ನಾನು ದಾರಿ ಬಿಟ್ಟೆ. ಹೆಸರು ಇಮಾಮ್ ಬೀ. ಗಂಡ ತೀರಿಕೊಂಡ ವರ್ಷ ಕೆಲಸಕ್ಕೆಂದು ಈ ಕೋಣೆ ಹಿಡಿದರಂತೆ, ಆಗ ಅವರ ಹೊಟ್ಟೆಯಲ್ಲಿ ಕೊನೆಯ ಮಗು.

ಆಗಸ್ಟ್ 13

ಮೇಷ್ಟ್ರ ಮನೆಗೆ ಹೋಗಿದ್ದೆ, ಇಂದಿರಾನಗರಕ್ಕೆ. ಫೋಟೋಗಳನ್ನು ಒಂದೊಂದಾಗಿ ನೋಡಿ ಕನ್ನಡಕ ತೆಗೆದಿಟ್ಟರು.

“ವರದಿ ಯಾವಾಗ ಕೊಡ್ತೀಯ?”

“ಈ ವಾರವೇ ಕೊಡ್ಬೇಕು ಸರ್.”

“ವಿಚಾರಣೆ ಮುಗೀಲಿ. ಹನ್ನೆರಡನೇ ತಾರೀಕಿನ ಮೇಲೆ ಕೊಡು. ‘ಅಪಾಯ’ ಅನ್ನೋ ಒಂದು ಪದ ಸಮಿತಿಯವರ ಕಿವಿಗೆ ಬಿದ್ರೆ ಸಾಕು, ಅವರು ಮುಂದಕ್ಕೆ ಓದಲ್ಲ. ಮೊಹ್ಸಿನ್ ಆ ಹಾಳೆ ಹಿಡ್ಕೊಂಡು ಇಡೀ ಕಟ್ಟಡ ಕೆಡವ್ತಾನೆ.”

“ಅಲ್ಲಿ ತನಕ ಜನ ಅದರ ಮೇಲೆ ಕೂತಿರ್ತಾರೆ.”

“ನೂರು ವರ್ಷ ಕೂತಿದ್ದಾರೆ. ಒಂದು ತಿಂಗಳಲ್ಲಿ ಏನಾಗತ್ತೆ? ‘ಹೆಚ್ಚಿನ ಪರಿಶೀಲನೆ ಅಗತ್ಯ’ ಅಂತ ಬರಿ. ಅದು ಸುಳ್ಳಲ್ಲ.”

ಅವರ ಮಾತಿನಲ್ಲಿ ದುರುದ್ದೇಶವೇನೂ ಇರಲಿಲ್ಲ. ಈ ಊರಿನಲ್ಲಿ ಅವರ ಕಣ್ಣೆದುರೇ ಎಷ್ಟು ಕಟ್ಟಡಗಳು ಹೋಗಿವೆ. ಬರುವಾಗ ಬಾಗಿಲವರೆಗೂ ಬಂದು, “ನಿನ್ನ ಮೇಲೆ ಬಿಟ್ಟಿದೀನಿ,” ಎಂದರು. ವರದಿ ಕೊಡಬೇಡ ಎಂದು ಗದರಿಸಿದ್ದರೆ ಹಗುರವಾಗುತ್ತಿತ್ತು.

ಆಗಸ್ಟ್ 20

ವರದಿ ಬರೆಯಲು ಕೂತೆ. ಬರೆಯಲಿಲ್ಲ.

ಆಗಸ್ಟ್ 24

‘ಹೆಚ್ಚಿನ ಪರಿಶೀಲನೆ ಅಗತ್ಯ.’ ಬರೆದೆ, ಅಳಿಸಿದೆ. ಅನ್ನ ಸೇರುತ್ತಿಲ್ಲ. ವಿಕ್ರಮ್ ಏನೂ ಕೇಳದೆ ಮಜ್ಜಿಗೆ ತಂದಿಟ್ಟ.

ಆಗಸ್ಟ್ 29

ಕಟ್ಟಡಕ್ಕೆ ಹೋಗಲು ಕಾರಣವಿರಲಿಲ್ಲ, ಆದರೂ ಹೋದೆ. ಶಿವಾಜಿನಗರದಲ್ಲಿ ರಸ್ತೆಯಿಡೀ ಕಾವಿ ಸೀರೆ, ಕಾವಿ ಶರ್ಟು. ಮೇರಿ ಮಾತೆಯ ಹಬ್ಬಕ್ಕೆ ಇವತ್ತು ಬಾವುಟ ಏರಿದೆ. ಎಂಟನೇ ತಾರೀಕು ಮೆರವಣಿಗೆ.

ಮಹಡಿಯಲ್ಲಿ ಇಮಾಮ್ ಬೀ ಚಾಪೆಯ ಮೇಲೆ ನನಗೂ ಜಾಗ ಮಾಡಿದರು. ಫಹ್ಮಿದಾ ಎಂಬ ಹುಡುಗಿ ಚಹಾ ತಂದುಕೊಟ್ಟಳು. ಅವಳಿಗೆ ಕಿವಿ ಕೇಳಿಸುವುದಿಲ್ಲ, ಆದರೆ ಹರಳು ಕೂರಿಸುವುದರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ. ಅವಳು ಚಹಾ ಹಿಡಿದು ನಡೆದು ಬಂದಾಗ ನನ್ನ ಕಣ್ಣು ಅವಳ ಪಾದದ ಕೆಳಗಿನ ಹಲಗೆಯ ಮೇಲೇ ಇತ್ತು.

“ಎಂಟಕ್ಕೆ ನೀನೂ ಬಾ ಬೇಟಿ,” ಎಂದರು ಇಮಾಮ್ ಬೀ. “ಮಾತೆಯ ತೇರು ಇದೇ ರಸ್ತೆಯಲ್ಲಿ ಬರ್ತದೆ. ಇಲ್ಲಿಂದ ನೋಡಿದ್ರೆ ಎದುರಿಗೇ ಬಂದಂಗೆ ಕಾಣ್ತದೆ. ಅಕ್ತರ್ ಭಾಯಿ ಹತ್ರ ಸಾಮಾನು ತಗೊಳ್ಳೋ ಬ್ಯಾಂಡಿನವರ ಮನೆಯೋರು, ಮಕ್ಕಳು, ಎಲ್ಲ ಇಲ್ಲಿಗೇ ಬರೋದು. ಅವರ ಅಬ್ಬಾ ಕಾಲದಿಂದ ಹಂಗೇ. ಆವತ್ತು ಇಲ್ಲಿ ಸೂಜಿ ಬಿದ್ರೂ ನೆಲ ಕಾಣಲ್ಲ.”

ಅಲ್ಲಿಂದ ಹೇಗೆ ಇಳಿದು ಬಂದೆನೋ.

ಆಗಸ್ಟ್ 30

ಬೆಳಿಗ್ಗೆಯೇ ಹೋಗಿ ಇಮಾಮ್ ಬೀಗೆ ಹೇಳಿದೆ. ಅಕ್ತರ್ ಅಂಗಡಿಗೆ ಕರೆದುಕೊಂಡು ಹೋಗಿ ಬಿಚ್ಚಿದ ಹಲಗೆಯ ಸಂದಿಯಿಂದ ತೊಲೆ ತೋರಿಸಿದೆ. ಇಮಾಮ್ ಬೀ ಏಣಿ ಹತ್ತಿ ಬೆರಳು ಹಾಕಿ ನೋಡಿದರು. ಬೆರಳಿಗೆ ಅಂಟಿದ ಕಪ್ಪು ಪುಡಿಯನ್ನು ಸೆರಗಿಗೆ ಒರೆಸಿಕೊಂಡರು.

“ಇದು ನಮ್ಮ ನೀರೇನಾ?”

“ಮಳೆ ನೀರೂ ಸೇರಿದೆ,” ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. “ನೀನು ಬರೆದ್ರೆ ನಾವೆಲ್ಲಿಗೆ ಹೋಗೋದು?”

ಗೊತ್ತಿಲ್ಲ ಎಂದೆ. ಕೆಳಗಿನಿಂದ ಉಕ್ಕಿನ ಊರೆ ಕೊಟ್ಟು ನಿಲ್ಲಿಸಿ ತೊಲೆಗಳನ್ನು ಒಂದೊಂದಾಗಿ ಬದಲಿಸಬಹುದು, ವರದಿಯಲ್ಲಿ ಅದನ್ನೇ ಹೇಳುತ್ತೇನೆ, ಮೊಹ್ಸಿನ್ ಮನಸ್ಸು ಮಾಡಿದರೆ ನೀವು ವಾಪಸ್ಸು ಬರಬಹುದು ಎಂದೆಲ್ಲ ಹೇಳಿದೆ. ಮೊಹ್ಸಿನ್ ಹೆಸರು ಬಂದಾಗ ಅವರು ಸ್ವಲ್ಪ ನಕ್ಕರು.

ಅಕ್ತರ್ ಎಲ್ಲ ಕೇಳಿಸಿಕೊಂಡು ಹೇಳಿದರು: “ಮರ ಅಂದ್ಮೇಲೆ ಒಂದ್ಕಡೆ ಮೆತ್ತಗೆ, ಒಂದ್ಕಡೆ ಗಟ್ಟಿ. ನೀವು ಹೊಸದಾಗಿ ನೋಡ್ತಿದ್ದೀರಿ, ಅದಕ್ಕೆ ಭಯ.”

ಸೆಪ್ಟೆಂಬರ್ 2

ವರದಿ ಕೊಟ್ಟೆ. ಮೊಹ್ಸಿನ್‌ಗೆ, ಪಾಲಿಕೆಗೆ, ಸಮಿತಿಗೆ, ಒಂದು ಪ್ರತಿ ಅಕ್ತರ್‌ಗೆ. ಕೆಳ ಅಂತಸ್ತು ಸುಭದ್ರ. ವರಾಂಡವನ್ನು ಕೂಡಲೇ ಮುಚ್ಚಬೇಕು. ದುರಸ್ತಿ ಸಾಧ್ಯ.

ಮೇಷ್ಟ್ರಿಗೆ ಫೋನ್ ಮಾಡಿ ನಾನೇ ಹೇಳಿದೆ. “ಸರಿ,” ಎಂದರು. ಅವರು ಇಟ್ಟ ಮೇಲೂ ಫೋನನ್ನು ಕಿವಿಗೇ ಹಿಡಿದಿದ್ದೆ.

ಸೆಪ್ಟೆಂಬರ್ 5

ಹೇಗೆ ಹೆದರಿದ್ದೆನೋ ಹಾಗೇ ಆಯಿತು. ‘ದುರಸ್ತಿ ಸಾಧ್ಯ’ ಎನ್ನುವುದನ್ನು ಬಿಟ್ಟು, ‘ಕೂಡಲೇ’ ಎನ್ನುವುದನ್ನು ಮಾತ್ರ ಹಿಡಿದುಕೊಂಡು ಮೊಹ್ಸಿನ್ ಎಲ್ಲ ಬಾಡಿಗೆದಾರರಿಗೂ ಖಾಲಿ ಮಾಡಿ ಎಂದು ನೋಟಿಸು ಅಂಟಿಸಿದ್ದಾನೆ. ಪಾಲಿಕೆಯವರು ಮೆಟ್ಟಿಲ ಬಾಯಿಗೆ ಎರಡು ಮರದ ಪಟ್ಟಿ ಹೊಡೆದು ಹೋಗಿದ್ದಾರೆ.

ಮೊಹ್ಸಿನ್‌ಗೆ ಫೋನ್ ಮಾಡಿ ಜಗಳವಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ. “ಮೇಡಂ, ಅದು ಬೀಳತ್ತೆ ಅಂತ ಹೇಳಿದ್ದು ನಾನಾ ನೀವಾ? ನನಗೆ ಇವತ್ತು ನಿದ್ದೆ ಬರ್ತದೆ.” ನಾಟಕವಲ್ಲ, ಅವನಿಗೆ ನಿಜವಾಗಿಯೂ ಭಯವಿತ್ತು ಎಂದು ಈಗ ಅನ್ನಿಸುತ್ತದೆ. ಅದರಿಂದ ಏನೂ ಬದಲಾಗುವುದಿಲ್ಲ.

ಅಂಗಡಿಗಳ ಮುಂದೆ ನಡೆದುಹೋದಾಗ ಯಾರೂ ಮಾತಾಡಿಸಲಿಲ್ಲ. ಅಕ್ತರ್ ಮಾತ್ರ ಹೊರಗೆ ಬಂದು, “ನನ್ನ ಅಬ್ಬಾ ಕಾಲದಿಂದ ಹಬ್ಬಕ್ಕೆ ಬಾಗಿಲು ಮುಚ್ಚಿಲ್ಲ ಮೇಡಂ. ಈ ಸಲಾನೂ ಮುಚ್ಚಲ್ಲ,” ಎಂದರು. ಕೂಗಾಡಲಿಲ್ಲ, ತಣ್ಣಗೆ ಹೇಳಿದರು.

ಸೆಪ್ಟೆಂಬರ್ 8, ಭಾನುವಾರ

ಇವತ್ತೇ ಬರೆದಿಡಬೇಕು.

ಮಧ್ಯಾಹ್ನ ವಿಕ್ರಮ್ ಜೊತೆ ಹೋದೆ. ಹೋಗುವಷ್ಟರಲ್ಲಿ ಮೆಟ್ಟಿಲ ಪಟ್ಟಿಗಳನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಮೇಲೆ ಮಾತು ಕೇಳಿಸುತ್ತಿತ್ತು. ಬಂದೋಬಸ್ತಿನ ಪೊಲೀಸರೊಬ್ಬರಿಗೆ ಹೇಳಿದೆ. “ಮೇಡಂ, ಲಕ್ಷ ಜನ ಇದ್ದಾರೆ ಇಲ್ಲಿ, ನಾನೊಬ್ಬ. ಓನರಿಗೆ ಹೇಳಿ,” ಎಂದರು. ಮೊಹ್ಸಿನ್ ಫೋನ್ ಎತ್ತಲಿಲ್ಲ.

ವಿಕ್ರಮ್‌ನನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಮೇಲೆ ಹೋದೆ. ವರಾಂಡದ ದೂರದ ಕೊನೆಯಲ್ಲಿ, ಆ ಮೋರಿಯ ಪಕ್ಕದಲ್ಲೇ, ಒಂದು ಸಂಸಾರ. ಗಂಡ, ಹೆಂಡತಿ, ಅಜ್ಜಿ, ಅವಳ ತೊಡೆಯ ಮೇಲೆ ಕಾವಿ ಫ್ರಾಕು ಹಾಕಿದ ಮಗು. ಒಳ್ಳೆಯ ಜಾಗ ಹಿಡಿಯಲು ಬೇಗ ಬಂದಿದ್ದರು. ನಾನು ಮೆಟ್ಟಿಲ ತುದಿಯ ಬಾಗಿಲಲ್ಲೇ ನಿಂತು, “ಅಲ್ಲಿಂದ ಎದ್ದು ಬನ್ನಿ, ಗೋಡೆ ಪಕ್ಕದಲ್ಲಿ ನಡೀಬೇಡಿ, ಒಬ್ಬೊಬ್ಬರೇ ಬನ್ನಿ,” ಎಂದೆ. ಗಂಡ ತಮಿಳಿನಲ್ಲಿ ಏನೋ ಅಂದ. ಜಾಗ ಕಿತ್ತುಕೊಳ್ಳಲು ಬಂದವಳು ಎಂದುಕೊಂಡಿರಬೇಕು, ಕದಲಲಿಲ್ಲ.

ಗೋಡೆಯ ಕಡೆ ತೊಲೆ ಸತ್ತಿದೆ, ಕಂಬದ ಕಡೆ ಗಟ್ಟಿಯಿದೆ. ಕಟಾಂಜನಕ್ಕೆ ಹೊಂದಿಕೊಂಡು ನಡೆದೆ. ನನ್ನದೇ ಲೆಕ್ಕವನ್ನು ನಂಬಿ ಹೆಜ್ಜೆ ಇಡುವುದು ಎಂದರೆ ಏನೆಂದು ಇವತ್ತು ಗೊತ್ತಾಯಿತು. ನಡುವೆ ಒಂದು ಕಡೆ ಹಲಗೆ ಕಾಲಡಿಯಲ್ಲಿ ಸಣ್ಣಗೆ ಇಳಿದು ಮತ್ತೆ ಮೇಲೆ ಬಂತು. ಹತ್ತಿರ ಹೋಗಿ ಏನೂ ಹೇಳದೆ ಮಗುವಿಗೆ ಕೈ ಚಾಚಿದೆ. ಅಜ್ಜಿ ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಮಗುವನ್ನು ಕೊಟ್ಟುಬಿಟ್ಟಳು. ನಾನು ಮಗುವನ್ನು ಎತ್ತಿಕೊಂಡು ಮುಂದೆ, ಅವರು ಒಬ್ಬೊಬ್ಬರಾಗಿ ಹಿಂದೆ. ಮಗು ನನ್ನ ಕಿವಿಯ ಓಲೆ ಎಳೆಯುತ್ತಿತ್ತು.

ಇಳಿದು ಬರುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಗುಂಪು. ಬ್ಯಾಂಡಿನವರ ಮನೆಯ ಹೆಂಗಸರು, ಮಕ್ಕಳು, ಹಲಸೂರಿನಿಂದ ಬಂದವರು. ಅಕ್ತರ್ ಅಂಗಡಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. “ಯಾರಮ್ಮ ನೀವು? ಪ್ರತಿ ವರ್ಷ ಹತ್ತೋ ಜಾಗ ಇದು,” ಎಂದು ಒಬ್ಬರು ವಿಕ್ರಮ್‌ನನ್ನು ಪಕ್ಕಕ್ಕೆ ತಳ್ಳಿ ಹತ್ತತೊಡಗಿದರು. ನಾನು ಮಗುವನ್ನು ಅಜ್ಜಿಗೆ ಕೊಟ್ಟು ಕೈ ಅಡ್ಡ ಹಿಡಿದೆ. ನನಗೇನು ಅಧಿಕಾರ? ಎಷ್ಟು ಹೊತ್ತು ತಡೆಯಬಹುದು?

ಆಗ ಗುಂಪಿನ ಹಿಂದಿನಿಂದ ಇಮಾಮ್ ಬೀ ದಾರಿ ಮಾಡಿಕೊಂಡು ಬಂದರು. ಹಿಂದೆ ಅವರ ಹೆಂಗಸರೆಲ್ಲ, ಕೈಯಲ್ಲಿ ಕೆಲಸದ ಗಂಟು. ಯಾರಿಗೂ ಏನೂ ಹೇಳದೆ ಬುಡದ ಮೆಟ್ಟಿಲಿನಿಂದ ಮೇಲಿನವರೆಗೆ ಸಾಲಾಗಿ ಕೂತುಬಿಟ್ಟರು. ಫಹ್ಮಿದಾ ನನ್ನ ಕಾಲ ಬಳಿ ಕೂತು ದುಪಟ್ಟಾ ಬಿಡಿಸಿ ಸೂಜಿ ಪೋಣಿಸತೊಡಗಿದಳು.

“ಇಮಾಮ್ ಬೀ, ನೀವೂನಾ?” ಎಂದರು ಅಕ್ತರ್.

“ನಾನು ಬೆರಳು ಹಾಕಿ ನೋಡಿದೀನಿ ಅಕ್ತರ್ ಭಾಯಿ. ಹೆಂಗಸರ ಮೇಲೆ ಕಾಲಿಟ್ಟು ಹತ್ತೋರು ಇದ್ರೆ ಹತ್ಲಿ.”

ಯಾರೂ ಹತ್ತಲಿಲ್ಲ. ಗೊಣಗುತ್ತ ರಸ್ತೆಗೆ ಹೋದರು. ಕತ್ತಲಾಗುವ ಮುಂಚೆ ತೇರು ಬಂತು. ನಾವು ಮೆಟ್ಟಿಲ ಮೇಲೇ ಇದ್ದೆವು. ಜನರ ತಲೆಗಳ ಮೇಲಿಂದ ಹೂವಿನ ತುದಿ ಮಾತ್ರ ಕಂಡಿತು. ಬ್ಯಾಂಡಿನ ಸದ್ದಿಗೆ ನಮ್ಮ ತಲೆಯ ಮೇಲಿನ ಹಲಗೆಗಳು ನಡುಗುತ್ತಿದ್ದವು. ಇಮಾಮ್ ಬೀ ನನ್ನ ಮುಂಗೈ ಹಿಡಿದುಕೊಂಡಿದ್ದರು. ಹಿಡಿದಿದ್ದು ಅವರೋ ನಾನೋ ಸರಿಯಾಗಿ ನೆನಪಿಲ್ಲ.

ಸೆಪ್ಟೆಂಬರ್ 9

ವರಾಂಡ ನಿಂತಿದೆ. “ಬೀಳ್ಲೇ ಇಲ್ವಲ್ಲ?” ಎಂದು ಚಪ್ಪಲಿ ಅಂಗಡಿಯವನು ನಾನು ಕೇಳುವ ಹಾಗೆ ಹೇಳಿದ.

ಸೆಪ್ಟೆಂಬರ್ 12

ವಿಚಾರಣೆ. ನನ್ನ ವರದಿಯನ್ನು ಇಬ್ಬರೂ ಓದಿದರು. ಮೊಹ್ಸಿನ್‌ನ ವಕೀಲ ವರಾಂಡದ ಭಾಗ ಓದಿದ, ಬಾಡಿಗೆದಾರರ ವಕೀಲ ಕೆಳ ಅಂತಸ್ತಿನ ಭಾಗ ಓದಿದ. ಸಮಿತಿಯ ತೀರ್ಮಾನ: ಕಟ್ಟಡ ಪಟ್ಟಿಗೆ ಸೇರುತ್ತದೆ, ಕೆಡವುವಂತಿಲ್ಲ, ಅಂಗಡಿಗಳು ಇರಲಿ. ಆದರೆ ವರಾಂಡವನ್ನು ಬಿಚ್ಚಬೇಕು. ಮುಂದೆ ಮಾಲೀಕರು ಅದೇ ರೂಪದಲ್ಲಿ ಕಟ್ಟಿಕೊಡಬೇಕು. ಎಷ್ಟು ದಿನದಲ್ಲಿ ಎಂದು ಯಾರೂ ಕೇಳಲಿಲ್ಲ. ನಾನು ಎದ್ದು ಕೇಳಿದೆ. “ಅದು ಆಮೇಲಿನ ಮಾತು,” ಎಂದರು.

ವರಾಂಡವಿಲ್ಲದೆ ಮಹಡಿಗೆ ದಾರಿಯಿಲ್ಲ. ನನ್ನನ್ನು ಹತ್ತಿರ ಸೇರಿಸದ ಅಕ್ತರ್ ಅಂಗಡಿ ಉಳಿಯಿತು. ನನ್ನ ಮಾತು ನಂಬಿದ ಇಮಾಮ್ ಬೀಗೆ ಜಾಗ ಹೋಯಿತು.

ಮೇಷ್ಟ್ರು ಹೊರಗೆ ಸಿಕ್ಕರು. “ಮುಖವೇ ಹೋದ ಮೇಲೆ ಪಟ್ಟಿಗೆ ಸೇರಿಸಿ ಏನು ಬಂತು,” ಎಂದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ವಾರಗಟ್ಟಲೆ ಕೊರಗುತ್ತಿದ್ದೆ. ನನ್ನ ತಲೆಯಲ್ಲಿ ಆಗ ಇದ್ದದ್ದು, ಮದುವೆ ಕಾಲ ಹತ್ತಿರ ಬಂತು, ಆ ಹೆಂಗಸರು ಅಷ್ಟು ಬಟ್ಟೆ ಒಪ್ಪಿಕೊಂಡಿದ್ದಾರೆ, ಎಲ್ಲಿ ಕೂತು ಮುಗಿಸುತ್ತಾರೆ ಎನ್ನುವುದು. ಮೇಷ್ಟ್ರ ಕಾಲು ಮುಟ್ಟಿ ಬಸ್ಸಿಗೆ ಹೋದೆ.

ಅಕ್ಟೋಬರ್ 16

ಎರಡು ದಿನದಿಂದ ಬಿಡದ ಮಳೆ. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ವರಾಂಡ ಇನ್ನೂ ಬಿಚ್ಚಿಲ್ಲ, ಕೆಳಗೆ ಹಗ್ಗ ಕಟ್ಟಿದ್ದಾರೆ. ಜನ ಹಗ್ಗದೊಳಗೆ ನುಗ್ಗಿ ಮಳೆಗೆ ನಿಲ್ಲುತ್ತಾರೆಂದು ಅಕ್ತರ್‌ಗೆ ಫೋನ್ ಮಾಡಿದೆ. ಎತ್ತಲಾರರು ಎಂದುಕೊಂಡಿದ್ದೆ. ಎತ್ತಿದರು. “ನಿಲ್ಲೋರನ್ನ ನಾನೇ ಅಂಗಡಿ ಒಳಗೆ ಕರ್ಕೊಂಡಿದೀನಿ ಮೇಡಂ. ಫೋನ್ ಇಡಿ,” ಎಂದರು.

ನವೆಂಬರ್ 21

ವರಾಂಡ ಬಿಚ್ಚಿದರು. ನಾನು ಇರಲೇಬೇಕಾಗಿತ್ತು. ಗೋಡೆಯಿಂದ ಹೊರಗೆಳೆದಾಗ ಕೆಲವು ತೊಲೆಗಳ ತುದಿ ಕಾಫಿ ಪುಡಿಯಂತೆ ಸುರಿಯಿತು. ಒಂದೆರಡು ಮಾತ್ರ ನಾನು ಕೆಟ್ಟಿವೆ ಎಂದು ಬರೆದಿದ್ದರೂ ಒಳಗೆ ಗಟ್ಟಿಯಾಗಿದ್ದವು. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅಕ್ತರ್‌ಗೂ ತೋರಿಸಿದೆ.

ಅವರು ಪುಡಿಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. “ಅಬ್ಬಾ ಇದರ ಕೆಳಗೇ ಕೂತು ಜೀವನ ಕಳೆದ್ರು.” ಆಮೇಲೆ ಕೇಳಿದರು: “ಆವತ್ತು ಹಬ್ಬದ ದಿನ ಬೀಳ್ತಿತ್ತಾ ಮೇಡಂ? ನಿಜ ಹೇಳಿ.”

“ಗೊತ್ತಿಲ್ಲ ಅಕ್ತರ್ ಭಾಯಿ. ಬೀಳ್ದೇನೂ ಇರಬಹುದಿತ್ತು.”

ಅವರು ತಲೆಯಾಡಿಸಿ ಅಂಗೈ ಕೊಡವಿಕೊಂಡರು. ಒಳಗೆ ಹೋಗಿ ಒಂದು ಸ್ಟೂಲು ತಂದು ನನಗೆ ಹಾಕಿದರು. ಸಾಯಂಕಾಲದವರೆಗೆ ಅಲ್ಲೇ ಕೂತಿದ್ದೆ.

ಗೋಡೆಯ ಮೇಲೆ ತೂತುಗಳ ಸಾಲು ಉಳಿದಿದೆ. ಅದಕ್ಕೆ ಇಟ್ಟಿಗೆ ತುಂಬುತ್ತಿದ್ದಾರೆ. ಇಮಾಮ್ ಬೀಗೆ ಕೃಷ್ಣರಾಜಪುರದಲ್ಲಿ ಒಂದು ಕೋಣೆ ಸಿಕ್ಕಿದೆಯೆಂದು ಅಕ್ತರ್ ಹೇಳಿದರು, ಹುಡುಕಿಕೊಟ್ಟದ್ದೂ ಅಕ್ತರೇ ಅಂತೆ. ಇಬ್ಬರು ಹೆಂಗಸರು ಅಷ್ಟು ದೂರ ಬರಲಾಗದೆ ಬಿಟ್ಟಿದ್ದಾರೆ.

ಡಿಸೆಂಬರ್ 10

ಬೆಳಿಗ್ಗೆ ಇಮಾಮ್ ಬೀ ಫೋನ್ ಮಾಡಿ, “ಒಂದ್ಸಲ ಬಂದು ಹೋಗು ಬೇಟಿ,” ಎಂದರು. ಕೃಷ್ಣರಾಜಪುರದ ರೈಲು ನಿಲ್ದಾಣದ ಹಿಂದೆ, ಪೈಪು ಮಾರುವ ಅಂಗಡಿಯ ಪಕ್ಕದಲ್ಲಿ ಎರಡಂತಸ್ತಿನ ಕಟ್ಟಡ. ಹೊರಗಿನ ಮೆಟ್ಟಿಲು ಹತ್ತಿ ಹೋದೆ. ಬಾಡಿಗೆ ಹಿಡಿದು ವಾರವಾಗಿದೆ. ಹೆಂಗಸರು ಕೆಲಸದ ಗಂಟು ಇಟ್ಟುಕೊಂಡು ಹೊರಗಿನ ಪಡಸಾಲೆಯಲ್ಲೇ ಕೂತಿದ್ದರು, ಚಾಪೆಗಳು ಸುತ್ತಿದ ಹಾಗೇ ಇದ್ದವು.

“ಯಾಕೆ ಒಳಗೆ ಕೂತಿಲ್ಲ?”

“ನೀನು ನೋಡಿ ಹೇಳು ಮೊದ್ಲು. ಆಮೇಲೆ ಕೂರ್ತೀವಿ,” ಎಂದರು ಇಮಾಮ್ ಬೀ.

ಒಳಗೆ ಹೋದೆ. ಹತ್ತೋ ಹದಿನೈದೋ ವರ್ಷದ ಹಿಂದೆ ಯಾರೋ ನಕ್ಷೆಯಿಲ್ಲದೆ ಕಟ್ಟಿಸಿದ ಕಾಂಕ್ರೀಟು ಕೋಣೆ. ನೀಲಿ ಸುಣ್ಣ, ಪಶ್ಚಿಮಕ್ಕೆ ಒಂದೇ ಕಿಟಕಿ, ಎರಡು ಟ್ಯೂಬ್‌ಲೈಟು. ಎರಡು ಮೂಲೆಗಳಲ್ಲಿ ಕೂತವರಿಗೆ ಬೆಳಕು ಸಾಲುವುದಿಲ್ಲ. ಇನ್ನೊಂದು ದೀಪ ಹಾಕಿಸಿಕೊಡಲು ಮಾಲೀಕನಿಗೆ ಹೇಳಬೇಕು. ಫಹ್ಮಿದಾಗೆ ಕಿಟಕಿಯ ಪಕ್ಕದ ಜಾಗ. ಛಾವಣಿಯಲ್ಲಿ ಒಂದು ಸಣ್ಣ ಬಿರುಕು, ಗಾರೆಯದ್ದು ಮಾತ್ರ. ಕುರ್ಚಿ ತರಿಸಿ ಹತ್ತಿ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದೆ, ಒಂದು ಗೋಡೆಯಿಂದ ಇನ್ನೊಂದಕ್ಕೆ. ತೊಲೆ ಕೂಡುವ ಜಾಗ ನೋಡಿದೆ. ಮೇಲೆ ತಾರಸಿಗೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ನೋಡಿದೆ. ಕೈ ತೊಳೆಯುವ ಮೋರಿಯ ಕೊಳವೆಯನ್ನು ಕೆಳಗಿನವರೆಗೂ ಹಿಂಬಾಲಿಸಿ, ಗೋಡೆಯಿಂದ ದೂರ ಬೀಳುತ್ತದೆಯೇ ಎಂದು ಒಂದು ಬಕೆಟ್ ನೀರು ಸುರಿಸಿ ನೋಡಿದೆ.

ಮತ್ತೆ ಮೆಟ್ಟಿಲು ಹತ್ತಿ ಬಂದೆ. ಬಾಗಿಲಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕಿವಿ ಕೇಳದ ಫಹ್ಮಿದಾಗೆ ನನ್ನ ತುಟಿ ಕಾಣುವ ಹಾಗೆ ತಿರುಗಿ, ನಿಧಾನವಾಗಿ ಹೇಳಿದೆ:

“ಗಟ್ಟಿ ಇದೆ. ಕೂತ್ಕೊಳ್ಳಿ.”

ಅವಳೇ ಮೊದಲು ಚಾಪೆ ಬಿಡಿಸಿದಳು.